ಆಕ್ರಮಣಕಾರನಿಂದ ನಷ್ಟ ವಸೂಲಿ: ಕುವೈತ್ ಕ್ಲೇಮುಗಳ ಲೆಕ್ಕವೂ ಉಕ್ರೇನಿನ ಮುಂದಿರುವ ಪ್ರಶ್ನೆಯೂ

2022ರ ಫೆಬ್ರವರಿ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2621ನೆಯ ಸಂಖ್ಯೆಯ ನಿರ್ಣಯವನ್ನು ಅಂಗೀಕರಿಸಿ, ಜಿನೀವಾದಲ್ಲಿದ್ದ ತನ್ನ ಪರಿಹಾರ ಆಯೋಗದ ಕಾರ್ಯಭಾರ ಮುಗಿಯಿತೆಂದು ಘೋಷಿಸಿತು. 1990ರ ಆಗಸ್ಟ್ 2ರಂದು ಕುವೈತನ್ನು ಆಕ್ರಮಿಸಿದ ಇರಾಕ್, ಆ ಆಕ್ರಮಣದಿಂದ ಉಂಟಾದ ನಷ್ಟಕ್ಕಾಗಿ ತೆರಬೇಕಾಗಿದ್ದ 5,240 ಕೋಟಿ ಡಾಲರುಗಳ ಕೊನೆಯ ಕಂತು ಅದಕ್ಕೆ ನಲವತ್ತು ದಿನ ಮೊದಲು, ಜನವರಿ 13ರಂದು, ಪಾವತಿಯಾಗಿತ್ತು. ಕಡತ ಮುಚ್ಚಿದ ಎರಡೇ ದಿನಕ್ಕೆ, ಫೆಬ್ರವರಿ 24ರಂದು, ಅದೇ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರವಾದ ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಆ ತಿಂಗಳು ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದುದೂ ರಷ್ಯಾವೇ.

ಹಾಳಾದ ದೇಶವನ್ನು ಮತ್ತೆ ಕಟ್ಟುವ ಖರ್ಚನ್ನು ಹಾಳು ಮಾಡಿದವನಿಂದಲೇ ಪಡೆಯಬೇಕೆಂಬ ಮಾತಿಗೆ ಯಾರೂ ಎದುರಾಡಲಾರರು. ಅದರಲ್ಲಿರುವ ನ್ಯಾಯ ಅಷ್ಟು ಸ್ಪಷ್ಟವಾಗಿದೆ. ಆದರೆ ವಸೂಲಾತಿಯೆಂಬುದು ಕೇವಲ ನ್ಯಾಯದ ವಿಷಯವಾಗಿದ್ದರೆ ನಮ್ಮ ಲೆಕ್ಕಪುಸ್ತಕಗಳಲ್ಲಿ 'ವಸೂಲಾಗದ ಬಾಕಿ' ಎಂಬ ಶೀರ್ಷಿಕೆಯೇ ಇರುತ್ತಿರಲಿಲ್ಲ. ನ್ಯಾಯಾಲಯದ ಡಿಕ್ರಿಯನ್ನು ಕೈಯಲ್ಲಿ ಹಿಡಿದು ಅದರ ಅಮಲ್ಜಾರಿಗಾಗಿ ವರ್ಷಗಟ್ಟಲೆ ಅಲೆದಿರುವ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇಶ ದೇಶಗಳ ನಡುವೆಯೂ ವಿಷಯ ಇಷ್ಟೇ. ಬಾಕಿದಾರನ ಹಣದ ಹರಿವಿನ ಮೇಲೆ ಯಾರ ಕೈ ಇದೆ, ಕೊಡತಕ್ಕ ಮೊತ್ತವನ್ನು ಯಾರು ಯಾವ ಕಾಗದದ ಆಧಾರದಿಂದ ನಿಶ್ಚಯಿಸುತ್ತಾರೆ, ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತಲ್ಲಿ ಮಾತ್ರ ಪರಿಹಾರ ಬಂದಿದೆ. ಕುವೈತಿನ ವಿಷಯದಲ್ಲಿ ಎರಡಕ್ಕೂ ಉತ್ತರವಿತ್ತು. ಉಕ್ರೇನಿನ ವಿಷಯದಲ್ಲಿ ಇನ್ನೂ ಅರ್ಧ ಉತ್ತರವಷ್ಟೇ ಇದೆ. ಈ ಲೇಖನದ ವಿಷಯ ಅದು.

ಜರ್ಮನಿಯ ಹಳೆಯ ಪಾಠ

ಯುದ್ಧ ಪರಿಹಾರವೆಂದೊಡನೆ ಓದಿದವರಿಗೆ ನೆನಪಾಗುವುದು 1919ರ ವರ್ಸೇಲ್ಸ್ ಒಪ್ಪಂದ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1921ರಲ್ಲಿ ಹೊರಿಸಲಾದ ಮೊತ್ತ 13,200 ಕೋಟಿ ಚಿನ್ನದ ಮಾರ್ಕುಗಳು. ಇದರಲ್ಲಿ 8,200 ಕೋಟಿಯಷ್ಟು 'ಸಿ' ಶ್ರೇಣಿಯ ಬಾಂಡುಗಳು; ಅವು ವಸೂಲಾಗುವುದಿಲ್ಲವೆಂಬುದು ಬರೆದವರಿಗೂ ಗೊತ್ತಿತ್ತು. ತಮ್ಮ ದೇಶದ ಮತದಾರರಿಗೆ ತೋರಿಸಲು ದೊಡ್ಡ ಅಂಕೆಯೊಂದು ಬೇಕಾಗಿತ್ತು, ಅಷ್ಟೇ. ಉಳಿದ 5,000 ಕೋಟಿಯೂ ಪೂರ್ತಿಯಾಗಿ ಬರಲಿಲ್ಲ. ಕಂತು ತಪ್ಪಿತೆಂದು 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಕಣಿವೆಯನ್ನು ವಶಪಡಿಸಿಕೊಂಡವು. ಜರ್ಮನಿಯ ಮಾರ್ಕು ನೆಲ ಕಚ್ಚಿತು. 1924ರಲ್ಲಿ ಡಾಸ್ ಯೋಜನೆ, 1929ರಲ್ಲಿ ಯಂಗ್ ಯೋಜನೆ ಎಂದು ಸಾಲದ ಪುನರ್ರಚನೆಗಳಾಗಿ, 1932ರಲ್ಲಿ ಲೊಸಾನ್ ಸಮ್ಮೇಳನದೊಂದಿಗೆ ವಸೂಲಾತಿ ಕಾರ್ಯತಃ ನಿಂತುಹೋಯಿತು. ಆ ಯೋಜನೆಗಳಿಗಾಗಿ ಎತ್ತಿದ ಬಾಂಡುಗಳ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ತೀರಿಸಿದ್ದು 2010ರ ಅಕ್ಟೋಬರ್ 3ರಂದು!

ಇಲ್ಲಿ ತಪ್ಪಿದ್ದು ಎಲ್ಲಿ? ಪರಿಹಾರವನ್ನು ಜರ್ಮನಿ ತನ್ನ ಮಾರ್ಕಿನಲ್ಲಿ ಕೊಟ್ಟರೆ ಪಡೆಯುವವರಿಗೆ ಉಪಯೋಗವಿಲ್ಲ. ವಿದೇಶಿ ವಿನಿಮಯದಲ್ಲೇ ಕೊಡಬೇಕು. ವಿದೇಶಿ ವಿನಿಮಯ ಬರುವುದು ರಫ್ತಿನಿಂದ. ಆದರೆ ಪರಿಹಾರ ಕೇಳುತ್ತಿದ್ದ ರಾಷ್ಟ್ರಗಳೇ ಜರ್ಮನಿಯ ಸರಕು ತಮ್ಮಲ್ಲಿಗೆ ಬಾರದಂತೆ ಸುಂಕದ ಗೋಡೆ ಎತ್ತಿದ್ದವು. ಬಾಕಿದಾರನ ಅಂಗಡಿಯಿಂದ ಏನನ್ನೂ ಕೊಳ್ಳಲೊಲ್ಲೆ, ಆದರೆ ಅವನು ತಿಂಗಳು ತಿಂಗಳು ಹಣ ತಂದು ಕೊಡಬೇಕು ಎಂದ ಹಾಗಾಯಿತು. ಜರ್ಮನಿ ಅಮೆರಿಕದಲ್ಲಿ ಸಾಲ ಮಾಡಿ ಫ್ರಾನ್ಸ್ ಮತ್ತು ಬ್ರಿಟನ್‌ಗೆ ಕೊಟ್ಟಿತು. ಅವರು ಅದನ್ನೇ ಯುದ್ಧಸಾಲದ ಬಾಬ್ತು ಅಮೆರಿಕಕ್ಕೆ ಹಿಂತಿರುಗಿಸಿದರು. 1929ರಲ್ಲಿ ಅಮೆರಿಕದ ಶೇರುಪೇಟೆ ಕುಸಿದಾಗ ಈ ಚಕ್ರವೂ ನಿಂತಿತು.

ಕುವೈತ್ ಪ್ರಕರಣದಲ್ಲಿ ಇದಾವುದೂ ಆಗಲಿಲ್ಲ. ಇರಾಕಿನ ರಫ್ತು ಎಂದರೆ ತೈಲ. ತೈಲಕ್ಕೆ ಬೆಲೆ ಕಟ್ಟುವುದೇ ಡಾಲರಿನಲ್ಲಿ, ಕೊಳ್ಳುವವರು ಜಗತ್ತಿನಲ್ಲೆಲ್ಲ ಇದ್ದಾರೆ.

ತೈಲದ ಹಣವನ್ನು ದಾರಿಯಲ್ಲೇ ಹಿಡಿದ ಬಗೆ

1991ರ ಏಪ್ರಿಲ್ 3ರ 687ನೆಯ ನಿರ್ಣಯದ 16ನೆಯ ಪರಿಚ್ಛೇದ ಇಡೀ ವ್ಯವಸ್ಥೆಯ ಬುನಾದಿ. ಕುವೈತಿನ ಅಕ್ರಮ ಆಕ್ರಮಣದ ನೇರ ಪರಿಣಾಮವಾಗಿ ವಿದೇಶಿ ಸರ್ಕಾರಗಳಿಗೆ, ಪ್ರಜೆಗಳಿಗೆ, ಕಂಪನಿಗಳಿಗೆ ಆದ ನಷ್ಟಕ್ಕೆ, ಪರಿಸರ ಹಾನಿಯನ್ನೂ ಒಳಗೊಂಡು, ಇರಾಕ್ ಹೊಣೆಯೆಂದು ಅದು ಸಾರಿತು. ಮುಂದಿನ ತಿಂಗಳು 692ನೆಯ ನಿರ್ಣಯ ಒಂದು ನಿಧಿಯನ್ನೂ ಒಂದು ಆಯೋಗವನ್ನೂ ಸ್ಥಾಪಿಸಿತು. ಆಗಸ್ಟಿನಲ್ಲಿ ಬಂದ 705ನೆಯ ನಿರ್ಣಯ ಇರಾಕಿನ ತೈಲ ರಫ್ತಿನ ಮೌಲ್ಯದ ಶೇ. 30ನ್ನು ಮೀರದಷ್ಟು ಪಾಲು ಈ ನಿಧಿಗೆ ಬರತಕ್ಕದ್ದೆಂದಿತು. ಒಟ್ಟು ಮೊತ್ತ ಇಷ್ಟೆಂದು ಮೊದಲೇ ಘೋಷಿಸದೆ, ವರಮಾನದಲ್ಲಿ ಇಷ್ಟು ಪಾಲು ಎಂದು ನಿಗದಿ ಮಾಡಿದ್ದನ್ನು ವಾಚಕರು ಗಮನಿಸಬೇಕು. ವರ್ಸೇಲ್ಸಿನ ದೊಡ್ಡ ಅಂಕೆಯ ತಪ್ಪು ಮತ್ತೆ ಆಗಲಿಲ್ಲ.

ಆದರೂ ಮೊದಲ ಐದು ವರ್ಷ ನಿಧಿ ಬಹುಮಟ್ಟಿಗೆ ಬರಿದಾಗಿತ್ತು. ನಿರ್ಬಂಧದ ಕಾರಣ ಇರಾಕ್ ತೈಲ ಮಾರುವಂತಿರಲಿಲ್ಲ. ವಿಶ್ವಸಂಸ್ಥೆಯ ಷರತ್ತಿನ ಮೇಲೆ ಮಾರಲು ಸದ್ದಾಂ ಹುಸೇನ್ ಸರ್ಕಾರ ಒಪ್ಪಲಿಲ್ಲ. 1992ರ 778ನೆಯ ನಿರ್ಣಯದಂತೆ ವಿದೇಶಗಳಲ್ಲಿ ಸ್ತಂಭನಗೊಂಡಿದ್ದ ಇರಾಕಿನ ತೈಲದ ಹಣದಿಂದ ಸ್ವಲ್ಪ ಬಂತು. ಆಹಾರಕ್ಕಾಗಿ ತೈಲ ಎಂಬ ಯೋಜನೆಯಡಿ 1996ರ ಡಿಸೆಂಬರಿನಲ್ಲಿ ತೈಲ ಹೊರಟ ಮೇಲೆಯೇ ನಿಧಿಗೆ ಜೀವ ಬಂದದ್ದು. ಆ ತೈಲದ ಬೆಲೆ ಬಾಗ್ದಾದಿಗೆ ಹೋಗುತ್ತಲೇ ಇರಲಿಲ್ಲ. ಕೊಂಡವರು ಅದನ್ನು ವಿಶ್ವಸಂಸ್ಥೆಯ ನಿಯಂತ್ರಣದಲ್ಲಿದ್ದ ಬ್ಯಾಂಕ್ ಖಾತೆಗೆ ಕಟ್ಟಬೇಕಾಗಿತ್ತು. ಅಲ್ಲಿಂದಲೇ ಪರಿಹಾರ ನಿಧಿಯ ಪಾಲು ಕಡಿತವಾಗುತ್ತಿತ್ತು. ಸಂಬಳದಿಂದ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವ ನಮ್ಮ ಪದ್ಧತಿಯ ಅಂತರರಾಷ್ಟ್ರೀಯ ರೂಪ ಇದು ಎನ್ನಬಹುದು. ಬಾಕಿದಾರನ ಸದ್ಭಾವನೆಯನ್ನು ನಂಬಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ನಮ್ಮ ಊರಿಗೆ ಬಂದ ಅರ್ಜಿ ನಮೂನೆಗಳು

ಆಕ್ರಮಣ ನಡೆದಾಗ ಕುವೈತಿನಲ್ಲಿದ್ದ ಭಾರತೀಯರು 1,70,000ಕ್ಕೂ ಹೆಚ್ಚು. ಜೋರ್ಡನ್ನಿನ ಅಮ್ಮಾನಿನಿಂದ ಮುಂಬಯಿಗೆ ಏರ್ ಇಂಡಿಯಾ 59 ದಿನಗಳಲ್ಲಿ 488 ವಿಮಾನಯಾನ ನಡೆಸಿ ಲಕ್ಷಕ್ಕೂ ಮೀರಿದ ಜನರನ್ನು ಕರೆತಂದದ್ದು ಸರ್ವವಿದಿತ. ಅವರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯವರು, ಅಂದರೆ ಈಗಿನ ಉಡುಪಿ ಜಿಲ್ಲೆಯನ್ನೂ ಸೇರಿಸಿ ಆಗ ಒಂದೇ ಆಗಿದ್ದ ಜಿಲ್ಲೆಯವರು, ಗಣನೀಯ ಸಂಖ್ಯೆಯಲ್ಲಿದ್ದರು. ನಾನು ಆಗ ಮಂಗಳೂರಿನ ಲೆಕ್ಕಪರಿಶೋಧಕರೊಬ್ಬರಲ್ಲಿ ಆರ್ಟಿಕಲ್ ಕ್ಲಾರ್ಕು. ಕ್ಲೇಮಿನ ಅರ್ಜಿಗಳು ಬಂದಾಗ, ಇಂಗ್ಲಿಷ್ ನಮೂನೆ ತುಂಬಿಸಿಕೊಡಿರೆಂದು ನಮ್ಮ ಕಚೇರಿಯ ಮೆಟ್ಟಿಲಲ್ಲಿ ಸಂಜೆ ಹೊತ್ತು ಜನ ಕೂಡುತ್ತಿದ್ದರು. ಶುಲ್ಕ ತೆಗೆದುಕೊಳ್ಳಬಾರದೆಂದು ನಮ್ಮ ಹಿರಿಯರ ಅಪ್ಪಣೆಯಾಗಿತ್ತು. ಹಾಗಾಗಿ ಆ ಕೆಲಸ ನಮ್ಮಂಥ ಹುಡುಗರ ಪಾಲಿಗೆ ಬಂತು.

ಯಾರೂ ನೇರವಾಗಿ ಜಿನೀವಾಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಸರ್ಕಾರದ ಮೂಲಕವೇ ಹೋಗಬೇಕು. ಹಣ ಬಂದಾಗ ಸರ್ಕಾರವೇ ಹಂಚಬೇಕು. ಸಣ್ಣ ಕ್ಲೇಮುಗಳ ಮೇಲೆ ಶೇ. 1.5ಕ್ಕಿಂತ, ದೊಡ್ಡವುಗಳ ಮೇಲೆ ಶೇ. 3ಕ್ಕಿಂತ ಹೆಚ್ಚು ನಿರ್ವಹಣಾ ವೆಚ್ಚ ಹಿಡಿಯಕೂಡದೆಂಬ ಮಿತಿಯೂ ಇತ್ತು. ಕ್ಲೇಮುಗಳಲ್ಲಿ ಆರು ವರ್ಗಗಳು. ಇರಾಕ್ ಅಥವಾ ಕುವೈತನ್ನು 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ಒಳಗೆ ಬಿಟ್ಟುಬರಬೇಕಾದವರು 'ಎ' ವರ್ಗ. ಅವರಿಗೆ ನಿಗದಿತ ಮೊತ್ತ: ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಗಾಯ ಮತ್ತು ಸಾವಿನ ಪ್ರಕರಣಗಳು 'ಬಿ'. ಒಂದು ಲಕ್ಷ ಡಾಲರ್ ತನಕದ ವೈಯಕ್ತಿಕ ನಷ್ಟ 'ಸಿ', ಅದಕ್ಕೆ ಮೀರಿದ್ದು 'ಡಿ'. ಕಂಪನಿಗಳದು 'ಇ', ಸರ್ಕಾರಗಳದು 'ಎಫ್'. 'ಎ' ವರ್ಗದಲ್ಲಿ ಇನ್ನೊಂದು ಆಯ್ಕೆಯಿತ್ತು. ಬೇರೆ ಯಾವ ವರ್ಗದಲ್ಲೂ ಕ್ಲೇಮು ಹಾಕುವುದಿಲ್ಲವೆಂದು ಒಪ್ಪಿದವರಿಗೆ ಒಬ್ಬರಿಗೆ 4,000, ಕುಟುಂಬಕ್ಕೆ 8,000 ಡಾಲರ್.

ಆ ಸಂಜೆಗಳಲ್ಲಿ ಬಂದವರಲ್ಲಿ ಕುಂದಾಪುರದ ಕಡೆಯ ದರ್ಜಿಯೊಬ್ಬರಿದ್ದರು. ಕುವೈತಿನಲ್ಲಿ ಹನ್ನೊಂದು ಹೊಲಿಗೆ ಯಂತ್ರಗಳ ಅಂಗಡಿ ನಡೆಸುತ್ತಿದ್ದವರು. ಪಾಸ್‌ಪೋರ್ಟು, ಅಲ್ಲಿನ ಗುರುತಿನ ಚೀಟಿ, ಅಮ್ಮಾನಿನ ವಿಮಾನದ ಹರಿದ ಬೋರ್ಡಿಂಗ್ ಚೀಟಿ ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ತಂದಿದ್ದರು. ಅಂಗಡಿಯ ಪರವಾನಗಿ ಕುವೈತಿ ಪ್ರಜೆಯೊಬ್ಬರ ಹೆಸರಿನಲ್ಲಿತ್ತು. ಅಲ್ಲಿನ ಪದ್ಧತಿಯೇ ಹಾಗೆ. ಯಂತ್ರಗಳ ಬಿಲ್ಲು ಎಲ್ಲಿ ಎಂದು ಕೇಳಿದೆ. 'ಅಂಗಡಿಯಲ್ಲೇ ಇತ್ತು ಮಾರಾಯರೇ, ಅಂಗಡಿಯೇ ಇಲ್ಲವಲ್ಲ' ಎಂದರು. ಪುರಾವೆಯಿಲ್ಲದ 'ಸಿ' ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದಕ್ಕಿಂತ, ಬಿಟ್ಟುಬಂದದ್ದಕ್ಕೆ ದಾಖಲೆ ಇದ್ದರೆ ಸಾಕಾಗುವ 4,000 ಡಾಲರೇ ವಾಸಿಯೆಂದು ಲೆಕ್ಕ ಹಾಕಿ, ಆ ಚೌಕದಲ್ಲಿ ಗುರುತು ಹಾಕಿದವನು ನಾನೇ. ಅವರು ಸಹಿ ಮಾಡಿದರು.

ನನ್ನ ಲೆಕ್ಕ ತಪ್ಪಿತ್ತು. ಮುಂದೆ ಆಯೋಗದ ವರದಿಗಳನ್ನು ಓದಿದಾಗ ತಿಳಿದದ್ದೇನೆಂದರೆ, ಸಣ್ಣ ಕ್ಲೇಮುಗಳಿಗೆ ಪುರಾವೆಯ ವಿಷಯದಲ್ಲಿ ಆಯೋಗ ಸಡಿಲವಾಗಿಯೇ ಇತ್ತು. ಯುದ್ಧದಲ್ಲಿ ಓಡಿಬಂದವನ ಬಳಿ ರಸೀದಿ ಇರಲಾರದೆಂಬುದನ್ನು ಅದು ಮುಂಚೆಯೇ ಒಪ್ಪಿಕೊಂಡಿತ್ತು. ಸಂದರ್ಭಕ್ಕೆ ತಕ್ಕಷ್ಟು ಕನಿಷ್ಠ ಪುರಾವೆ, ಸ್ವಂತ ಹೇಳಿಕೆ, ಜೊತೆಯಲ್ಲಿದ್ದವರ ಸಾಕ್ಷ್ಯ ಇವುಗಳಿಂದಲೂ ಎಷ್ಟೋ 'ಸಿ' ಕ್ಲೇಮುಗಳು ಭಾಗಶಃವಾದರೂ ಮಂಜೂರಾದವು. ನಮ್ಮ ದರ್ಜಿಗೆ ಮೊದಲು 2,500, ಅನಂತರ 1,500 ಡಾಲರ್ ಹೀಗೆ ಎರಡು ಕಂತಿನಲ್ಲಿ ಬಂತು. ಹನ್ನೊಂದು ಯಂತ್ರಗಳಿಗೆ ಏನೂ ಬರಲಿಲ್ಲ. ಅವರು ನನ್ನನ್ನು ದೂರಲಿಲ್ಲ. ಹಣ ಬಂದ ದಿನ ಹಲಸಿನ ಹಪ್ಪಳದ ಕಟ್ಟು ತಂದುಕೊಟ್ಟು ಹೋದರು.

ಒಂದು ಸಮಾಧಾನದ ಸಂಗತಿಯೂ ಇದೆ. ಮಂಜೂರಾದ ಮೊತ್ತಕ್ಕೆ ಬಡ್ಡಿ ಕೊಡುವ ವಿಷಯವನ್ನು ಆಯೋಗ ಮುಂದೂಡುತ್ತಲೇ ಬಂದು, ಕಡೆಗೆ 2005ರಲ್ಲಿ ಅದನ್ನು ಕೈಬಿಟ್ಟಿತು. ಆದರೆ ಮೊತ್ತ ಡಾಲರಿನಲ್ಲಿದ್ದ ಕಾರಣ, 1990ರಲ್ಲಿ ಸುಮಾರು 17 ರೂಪಾಯಿಯಿದ್ದ ಡಾಲರ್ ಆ ದಶಕದ ಕೊನೆಗೆ 40 ರೂಪಾಯಿ ದಾಟಿದ್ದರಿಂದ, ಭಾರತೀಯ ಕ್ಲೇಮುದಾರನಿಗೆ ವಿನಿಮಯ ದರವೇ ಬಡ್ಡಿಯ ಸ್ಥಾನದಲ್ಲಿ ನಿಂತಿತು. ರೂಪಾಯಿಯ ಅಪಮೌಲ್ಯದಿಂದ ಲಾಭ ಪಡೆದ ಬಡವರು ಅವರೊಬ್ಬರೇ ಇರಬೇಕು.

ವ್ಯಾಪಾರಿಯ ಕ್ಲೇಮು: ಎಲ್ಲಿ ಗೆದ್ದಿತು, ಎಲ್ಲಿ ಬಿದ್ದಿತು

ಆಯೋಗಕ್ಕೆ ಸುಮಾರು ನೂರು ಸರ್ಕಾರಗಳ ಮೂಲಕ ಬಂದ ಕ್ಲೇಮುಗಳು ಸುಮಾರು 27 ಲಕ್ಷ. ಕೇಳಿದ ಮೊತ್ತ 35,250 ಕೋಟಿ ಡಾಲರ್, ಮಂಜೂರಾದದ್ದು 5,240 ಕೋಟಿ, ಅಂದರೆ ಶೇ. 15ರ ಆಸುಪಾಸು. ಸಫಲರಾದ ಕ್ಲೇಮುದಾರರು ಸುಮಾರು 15 ಲಕ್ಷ. ಇಷ್ಟು ಕಡತಗಳನ್ನು ಒಂದೊಂದಾಗಿ ವಿಚಾರಿಸಲು ಹೋಗಿದ್ದರೆ ಇಂದಿಗೂ ಮುಗಿಯುತ್ತಿರಲಿಲ್ಲ. 'ಎ' ವರ್ಗದ ಹೆಸರುಗಳನ್ನು ವಿವಿಧ ದೇಶಗಳ ಆಗಮನ ನಿರ್ಗಮನ ದಾಖಲೆಗಳೊಡನೆ ಗಣಕಯಂತ್ರದಲ್ಲಿ ತಾಳೆ ನೋಡಲಾಯಿತು. ಉಳಿದೆಡೆ ಮಾದರಿ ಪರಿಶೀಲನೆ ನಡೆಯಿತು. ನಾವು ಲೆಕ್ಕಪರಿಶೋಧನೆಯಲ್ಲಿ ನಿತ್ಯ ಮಾಡುವ ಕೆಲಸವೇ. ಪಾವತಿಯಲ್ಲಿ ಸಣ್ಣವರಿಗೆ ಮೊದಲ ಸರದಿ, ಸರ್ಕಾರಗಳಿಗೂ ದೊಡ್ಡ ಕಂಪನಿಗಳಿಗೂ ಕೊನೆಯ ಸರದಿ. ಈ ಕ್ರಮ ಹಿಂದಿನ ಯಾವ ಯುದ್ಧ ಪರಿಹಾರದಲ್ಲೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಇರಲಿಲ್ಲ. ಅತಿ ದೊಡ್ಡ ಮಂಜೂರಾತಿ ಕುವೈತ್ ಪೆಟ್ರೋಲಿಯಂ ಕಾರ್ಪೊರೇಷನ್ನಿನದು: ಹಿಮ್ಮೆಟ್ಟುವ ಇರಾಕಿ ಸೇನೆ ಬೆಂಕಿಯಿಟ್ಟ ಮತ್ತು ಹಾಳುಗೆಡವಿದ 700ಕ್ಕೂ ಮಿಕ್ಕಿದ ತೈಲ ಬಾವಿಗಳ ಉತ್ಪಾದನಾ ನಷ್ಟಕ್ಕೆ 1,470 ಕೋಟಿ ಡಾಲರ್. 2022ರಲ್ಲಿ ತೀರಿದ ಕೊನೆಯ ಕಂತು ಇದೇ ಕ್ಲೇಮಿನದು.

ನಮ್ಮ ಸದಸ್ಯರಿಗೆ ಹೆಚ್ಚು ಉಪಯುಕ್ತವಾದದ್ದು ಕಂಪನಿ ಕ್ಲೇಮುಗಳ ತೀರ್ಮಾನಗಳು. ಕುವೈತಿಗೆ ಸಾಗಿಸಿದ್ದ ಸರಕು ದಾರಿಯಲ್ಲಿ ಅಥವಾ ಬಂದರಿನಲ್ಲಿ ನಷ್ಟವಾಯಿತೆಂದ ರಫ್ತುದಾರ ಏನನ್ನು ತೋರಿಸಬೇಕಾಗಿತ್ತು? ಸರಕು ಯಾವಾಗ ಕುವೈತ್ ತಲುಪಿರಬಹುದೆಂದು ಊಹಿಸಲು ಬಿಲ್ ಆಫ್ ಲೇಡಿಂಗ್ ಅಥವಾ ಏರ್‌ವೇ ಬಿಲ್, ಮೌಲ್ಯಕ್ಕೆ ಇನ್‌ವಾಯ್ಸು, ಹಣ ಬಂದಿಲ್ಲವೆಂಬುದಕ್ಕೆ ಪತ್ರವ್ಯವಹಾರ. ದಾರಿಯಿಂದ ಬೇರೆಡೆಗೆ ತಿರುಗಿಸಿದ ಸರಕಾದರೆ, ಅದನ್ನು ಇನ್ನೊಬ್ಬರಿಗೆ ಮಾರಿ ನಷ್ಟ ಕಡಿಮೆ ಮಾಡಲು ಸಕಾಲದಲ್ಲಿ ಪ್ರಯತ್ನಿಸಿದ್ದೇನೆಂದೂ ತೋರಿಸಬೇಕು. ಸುಮ್ಮನೆ ಕೈಕಟ್ಟಿ ಕೂತವನಿಗೆ ಪೂರ್ಣ ಪರಿಹಾರವಿಲ್ಲ. ಕುವೈತಿನ ವರ್ತಕರು ಗೋದಾಮಿನ ದಾಸ್ತಾನು ಕೇಳಿದಾಗ, ಹಿಂದಿನ ಲೆಕ್ಕಪರಿಶೋಧಿತ ಮುಕ್ತಾಯ ದಾಸ್ತಾನಿಗೆ ಖರೀದಿ ಕೂಡಿಸಿ ಮಾರಾಟದ ವೆಚ್ಚ ಕಳೆದು ಆಕ್ರಮಣದ ದಿನದ ದಾಸ್ತಾನನ್ನು ಕಟ್ಟಿಕೊಳ್ಳಲಾಯಿತು. ಹಳೆಯ ಸರಕಿಗೆ ಕಡಿತ, ಯಂತ್ರಗಳಿಗೆ ಸವಕಳಿ. ಲೆಕ್ಕಪುಸ್ತಕದಲ್ಲಿ ಒಂದು, ಕ್ಲೇಮಿನಲ್ಲಿ ಒಂದು ಎಂದು ಬರೆದವರ ಅಂತರ ಅಲ್ಲಿ ಬಯಲಾಯಿತು. ತೆರಿಗೆಗೆಂದು ಲಾಭ ಇಳಿಸಿ ತೋರಿಸುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬಹುದು.

ಅತಿ ಹೆಚ್ಚು ಕ್ಲೇಮುಗಳನ್ನು ಮುಳುಗಿಸಿದವು ಎರಡು ನಿಯಮಗಳು. ಒಂದು, ಆಕ್ರಮಣಕ್ಕೆ ಮುಂಚಿನ ಇರಾಕಿನ ಸಾಲಗಳು ಪರಿಹಾರದ ವ್ಯಾಪ್ತಿಗೆ ಬರುವುದಿಲ್ಲವೆಂಬುದು. ಎಂಬತ್ತರ ದಶಕದಲ್ಲಿ ಇರಾಕಿನಲ್ಲಿ ಕಾಮಗಾರಿ ಮಾಡಿದ, ಸರಕು ಪೂರೈಸಿದ ನಾನಾ ದೇಶಗಳ ಗುತ್ತಿಗೆದಾರರ ಬಿಲ್ಲುಗಳು ಬಾಕಿಯಿದ್ದವು. ಇರಾಕಿಗೆ ಮಾಡಿದ ಕೆಲಸ ಅಥವಾ ಪೂರೈಕೆ 1990ರ ಮೇ 2ಕ್ಕಿಂತ ಹಿಂದಿನದಾದರೆ ಅದು ಹಳೆಯ ಸಾಲವೆಂದು ತೀರ್ಪುಗಾರರು ಗೆರೆ ಎಳೆದರು. ಏಪ್ರಿಲ್ ಕೊನೆಯಲ್ಲಿ ಪೂರೈಸಿದವನಿಗೆ ಇಲ್ಲ, ಮೇ ಮಧ್ಯದಲ್ಲಿ ಪೂರೈಸಿದವನಿಗೆ ಉಂಟು. ಎರಡನೆಯದು 'ನೇರ ನಷ್ಟ' ಎಂಬ ಪದ. ಆಕ್ರಮಣದಿಂದಾದ ನಷ್ಟಕ್ಕೆ ಪರಿಹಾರವುಂಟು. ವಿಶ್ವಸಂಸ್ಥೆಯ ವ್ಯಾಪಾರ ನಿರ್ಬಂಧ ಒಂದರಿಂದಲೇ ಆದ ನಷ್ಟಕ್ಕೆ ಇಲ್ಲ. ಇರಾಕಿನ ವಿರುದ್ಧ ಹೋರಾಡಿದ ಮಿತ್ರಕೂಟದ ಸೇನಾ ವೆಚ್ಚಕ್ಕೂ ಇಲ್ಲ.

ವಿಮೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಾಗಣೆ ವಿಮೆಯಲ್ಲಿ ಯುದ್ಧದ ಷರತ್ತು ಸೇರಿಸಿಕೊಂಡಿದ್ದೇವೆಂದು ನಿಶ್ಚಿಂತರಾಗಿರುವವರು ಅದರ ಒಕ್ಕಣೆಯನ್ನು ನೋಡಬೇಕು. ಸಾಮಾನ್ಯ ನಮೂನೆಯಲ್ಲಿ ಆ ರಕ್ಷಣೆ ಇರುವುದು ಸರಕು ನೀರಿನ ಮೇಲಿರುವಾಗ. ಕೊನೆಯ ಬಂದರಿನಲ್ಲಿ ಹಡಗಿನಿಂದ ಇಳಿದೊಡನೆ, ಇಳಿಯದಿದ್ದರೆ ಹಡಗು ತಲುಪಿ 15 ದಿನವಾದೊಡನೆ, ಅದು ಮುಗಿಯುತ್ತದೆ. ನೆಲದ ಮೇಲಿನ ಗೋದಾಮಿಗೆ ಬಾಂಬು ಬಿದ್ದರೆ ಅದು ಸಾಗಣೆ ವಿಮೆಯ ವಿಷಯವೇ ಅಲ್ಲ. ಕೊಳ್ಳುವವನ ದೇಶದಲ್ಲಿ ಯುದ್ಧವಾಗಿ ಹಣ ಬಾರದಿದ್ದರೆ ರಫ್ತು ಸಾಲ ಖಾತರಿ ನಿಗಮದ ಪಾಲಿಸಿ ಬೇರೆಯೇ ಬೇಕು.

ಹಣ ಕೊಟ್ಟವರು ಯಾರು?

ಇಷ್ಟನ್ನೂ ಹೊಗಳಿ ಬರೆದ ಮೇಲೆ ಒಂದು ಮುಜುಗರದ ವಿಷಯಕ್ಕೆ ಬರಲೇಬೇಕು. ಕುವೈತಿನ ಮೇಲೆ ದಂಡೆತ್ತಿ ಹೋಗುವ ನಿರ್ಧಾರ ಇರಾಕಿನ ಜನರದಾಗಿರಲಿಲ್ಲ. ತೈಲದ ಹಣದಲ್ಲಿ ನೂರಕ್ಕೆ 30 ಪರಿಹಾರ ನಿಧಿಗೆ ಹೋಗುತ್ತಿದ್ದ ಕಾಲದಲ್ಲಿ ಇರಾಕಿನ ಆಸ್ಪತ್ರೆಗಳಲ್ಲಿ ಔಷಧವಿರಲಿಲ್ಲ, ಜನ ಪಡಿತರದ ಮೇಲೆ ಬದುಕುತ್ತಿದ್ದರು. ಆ ಪಾಲನ್ನು 2000ದ ಡಿಸೆಂಬರಿನಲ್ಲಿ ಶೇ. 25ಕ್ಕೂ, ಸದ್ದಾಂ ಪತನದ ಬಳಿಕ 2003ರ ಮೇ ತಿಂಗಳಲ್ಲಿ ಶೇ. 5ಕ್ಕೂ ಇಳಿಸಲಾಯಿತು. ಯುದ್ಧ ಮಾಡಿದ ಆಡಳಿತ ಹೋಯಿತು. ಬಾಕಿ ಮಾತ್ರ ಹೊಸ ಸರ್ಕಾರದ ಹೆಗಲಿಗೆ ಬಂತು. ಐಸಿಸ್ ದೇಶದ ಮೂರನೆಯ ಒಂದು ಭಾಗದಷ್ಟನ್ನು ಹಿಡಿದಾಗ, 2014ರಲ್ಲಿ, ಕಂತು ನಿಂತಿತು. 2018ರಲ್ಲಿ ಶೇ. 0.5ರಿಂದ ಮತ್ತೆ ಆರಂಭವಾಗಿ ಶೇ. 3ಕ್ಕೆ ಏರಿತು. 1991ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಮಗುವಿಗೆ ಕೊನೆಯ ಕಂತಿನ ವೇಳೆಗೆ ಮೂವತ್ತು ತುಂಬಿತ್ತು.

ಹಾಗೆಂದು ಪರಿಹಾರವೇ ಬೇಡವಾಗಿತ್ತೆಂದು ನಾನು ಹೇಳಲಾರೆ. ಹನ್ನೊಂದು ಯಂತ್ರ ಬಿಟ್ಟುಬಂದವರ ಮುಖ ನನಗೆ ನೆನಪಿದೆ. ಆದರೆ ಶೇ. 5 ಎಂಬುದು ಮೊದಲಿನಿಂದಲೇ ಇರಬೇಕಾಗಿತ್ತು. ಬಾಕಿದಾರನ ಅಂಗಡಿಯನ್ನು ಮುಚ್ಚಿಸಿ ವಸೂಲು ಮಾಡಿದ ಹಣಕ್ಕಿಂತ, ಅಂಗಡಿ ನಡೆಯಗೊಟ್ಟು ದಿನದ ಗಲ್ಲೆಯಿಂದ ಪಡೆದ ಹಣವೇ ಹೆಚ್ಚೆಂಬುದು ನಮ್ಮ ಬಜಾರಿಗೆ ಗೊತ್ತಿರುವ ವಿಷಯ. ಇಲ್ಲಿ ಕೂಡ, ಪಾಲು ಶೇ. 5ಕ್ಕೆ ಇಳಿದ ಮೇಲೂ, ತೈಲದ ಬೆಲೆ ಏರಿದಾಗ ನಿಧಿಗೆ ಭಾರಿ ಮೊತ್ತ ಹರಿದುಬಂತು.

ಉಕ್ರೇನು: ಅಡಮಾನವಿದೆ, ಡಿಕ್ರಿ ಇಲ್ಲ

ವಿಶ್ವಬ್ಯಾಂಕು, ಉಕ್ರೇನ್ ಸರ್ಕಾರ, ಯುರೋಪಿಯನ್ ಕಮಿಷನ್ ಮತ್ತು ವಿಶ್ವಸಂಸ್ಥೆ ಸೇರಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಂದಾಜಿನಂತೆ, ಮುಂದಿನ ಹತ್ತು ವರ್ಷಗಳಲ್ಲಿ ಉಕ್ರೇನಿನ ಪುನರ್ನಿರ್ಮಾಣಕ್ಕೆ ಬೇಕಾದ ಮೊತ್ತ 52,400 ಕೋಟಿ ಡಾಲರ್. ಇನ್ನೊಂದು ಕಡೆ, ಯುದ್ಧ ಆರಂಭವಾದೊಡನೆ ಪಾಶ್ಚಿಮಾತ್ಯ ರಾಷ್ಟ್ರಗಳು ಸ್ತಂಭನಗೊಳಿಸಿದ ರಷ್ಯಾದ ಕೇಂದ್ರ ಬ್ಯಾಂಕಿನ ಮೀಸಲು ಸುಮಾರು 30,000 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನ ಭಾಗ ಬ್ರಸೆಲ್ಸಿನ ಯೂರೋಕ್ಲಿಯರ್ ಎಂಬ ಠೇವಣಿ ಸಂಸ್ಥೆಯ ವಶದಲ್ಲಿದೆ. ಹಾಗಾದರೆ ತೊಡಕೇನು? ಅದನ್ನೇ ತೆಗೆದು ಕೊಟ್ಟರಾಗದೇ ಎಂದು ಕೇಳುವವರಿದ್ದಾರೆ.

ಇರಾಕಿನ ವಿರುದ್ಧ ಭದ್ರತಾ ಮಂಡಳಿಯ ನಿರ್ಣಯವೆಂಬ ಡಿಕ್ರಿ ಇತ್ತು. ರಷ್ಯಾಕ್ಕೆ ಅಲ್ಲಿ ವೀಟೋ ಅಧಿಕಾರವಿದೆ; ತನ್ನ ವಿರುದ್ಧದ ಡಿಕ್ರಿಗೆ ತಾನೇ ಸಹಿ ಹಾಕುವವರುಂಟೇ? 2022ರ ನವೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ರಷ್ಯಾ ಪರಿಹಾರ ಕೊಡಬೇಕೆಂಬ ನಿರ್ಣಯವನ್ನು 94 ಮತಗಳಿಂದ ಅಂಗೀಕರಿಸಿತು. ವಿರುದ್ಧ 14, ತಟಸ್ಥ 73, ಭಾರತವೂ ತಟಸ್ಥವಾಗಿತ್ತು. ಮಹಾಸಭೆಯ ನಿರ್ಣಯ ಶಿಫಾರಸು, ಅಮಲ್ಜಾರಿಯ ಬಲ ಅದಕ್ಕಿಲ್ಲ. ಮೇಲಾಗಿ ಒಂದು ದೇಶದ ಕೇಂದ್ರ ಬ್ಯಾಂಕಿನ ಆಸ್ತಿಗೆ ಇನ್ನೊಂದು ದೇಶದಲ್ಲಿ ರಕ್ಷಣೆಯಿದೆಯೆಂಬ ಅಂತರರಾಷ್ಟ್ರೀಯ ನಿಯಮವನ್ನು ಮುರಿದರೆ, ನಾಳೆ ಯೂರೋದಲ್ಲಿ ಮೀಸಲು ಇಡಲು ಬೇರೆ ದೇಶಗಳು ಹಿಂದೆಗೆಯಬಹುದೆಂಬ ಅಂಜಿಕೆ ಯುರೋಪಿನ ಬ್ಯಾಂಕುಗಳಿಗಿದೆ. ಬೆಲ್ಜಿಯಂಗೆ ಇನ್ನೊಂದು ಚಿಂತೆ: ಮುಂದೆ ಯಾವುದಾದರೂ ನ್ಯಾಯಾಲಯ ಹಿಂದಿರುಗಿಸೆಂದರೆ ಅಷ್ಟು ಹಣವನ್ನು ತಾನೊಬ್ಬನೇ ಎಲ್ಲಿಂದ ತರಲಿ?

ಆದ್ದರಿಂದ ಅಸಲು ಮುಟ್ಟದೆ, ಅದರಿಂದ ಹುಟ್ಟಿದ ಆದಾಯವನ್ನು ಮಾತ್ರ ಬಳಸುವ ದಾರಿ ಹಿಡಿದರು. ಅವಧಿ ಮುಗಿದ ರಷ್ಯಾದ ಬಾಂಡುಗಳು ಯೂರೋಕ್ಲಿಯರಿನಲ್ಲಿ ನಗದಾಗಿ ಕುಳಿತಿವೆ. ಆ ನಗದಿನ ಬಡ್ಡಿಯನ್ನು ಖಾತೆದಾರನಿಗೆ ಕೊಡಬೇಕೆಂಬ ಕರಾರಿಲ್ಲ. ಈ ಲಾಭದಿಂದ 2024ರ ಜುಲೈಯಲ್ಲಿ 150 ಕೋಟಿ ಯೂರೋಗಳ ಮೊದಲ ಕಂತು ಹೊರಬಂತು. ಅದೇ ವರ್ಷ ಜಿ-7 ರಾಷ್ಟ್ರಗಳು ಮುಂದಿನ ವರ್ಷಗಳ ಇಂಥ ಲಾಭವನ್ನೇ ಮರುಪಾವತಿಯ ಮೂಲವೆಂದು ಎಣಿಸಿ ಉಕ್ರೇನಿಗೆ 5,000 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿದವು. ಬಾಡಿಗೆಯನ್ನು ಮುಂಗಡವಾಗಿ ಬ್ಯಾಂಕಿಗೆ ಬರೆದುಕೊಟ್ಟು ಸಾಲ ಎತ್ತುವುದು ನಮಗೆ ತಿಳಿದದ್ದೇ. ಇಲ್ಲಿ ಕಟ್ಟಡ ಮಾತ್ರ ಪರರದು.

ಅಸಲಿನ ಆಧಾರದ ಮೇಲೆಯೇ ದೊಡ್ಡ ಪರಿಹಾರ ಸಾಲ ಕೊಡುವ ಪ್ರಸ್ತಾಪ 2025ರಲ್ಲಿ ಯುರೋಪಿಯನ್ ಒಕ್ಕೂಟದ ಮುಂದೆ ಬಂತು. ಬೆಲ್ಜಿಯಂ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಎರಡು ತೀರ್ಮಾನಗಳಾದವು. ಆರಾರು ತಿಂಗಳಿಗೊಮ್ಮೆ ನವೀಕರಿಸಬೇಕಾಗಿದ್ದ ಸ್ತಂಭನವನ್ನು ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸಲಾಯಿತು. 2026 ಮತ್ತು 2027ನೆಯ ವರ್ಷಗಳಿಗಾಗಿ 9,000 ಕೋಟಿ ಯೂರೋಗಳನ್ನು ಒಕ್ಕೂಟವೇ ಮಾರುಕಟ್ಟೆಯಲ್ಲಿ ಸಾಲವೆತ್ತಿ ಉಕ್ರೇನಿಗೆ ಕೊಡುವುದೆಂದಾಯಿತು. ರಷ್ಯಾದಿಂದ ಪರಿಹಾರ ಬಂದರೆ ಮಾತ್ರ ಉಕ್ರೇನು ಇದನ್ನು ತೀರಿಸಬೇಕು. ನಮ್ಮ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಇದು ಸಂಭಾವ್ಯ ಆಸ್ತಿ. ಬರುವುದು ಬಹುತೇಕ ಖಚಿತವಾಗುವವರೆಗೆ ಆಸ್ತಿಪಟ್ಟಿಯಲ್ಲಿ ತೋರಿಸಲು ನಾನು ಯಾವ ಕಕ್ಷಿದಾರರಿಗೂ ಬಿಡುತ್ತಿರಲಿಲ್ಲ. ಬಡ್ಡಿಯನ್ನಂತೂ ಯುರೋಪಿನ ತೆರಿಗೆದಾರರೇ ಹೊರುತ್ತಾರೆ. ಆಕ್ರಮಣಕಾರನಿಂದ ವಸೂಲಿ ಎಂದು ಹೊರಟದ್ದು ಸದ್ಯಕ್ಕೆ ನೆರೆಯವರ ಕೈಸಾಲದಲ್ಲಿ ಬಂದು ನಿಂತಿದೆ.

ಆದರೆ ಕಾಗದದ ಕೆಲಸ ಈ ಬಾರಿ ಹಣಕ್ಕಿಂತ ಮುಂದಿದೆ. 2023ರ ಮೇ ತಿಂಗಳಲ್ಲಿ ಕೌನ್ಸಿಲ್ ಆಫ್ ಯುರೋಪ್ ಸಂಸ್ಥೆಯ ಆಶ್ರಯದಲ್ಲಿ ಉಕ್ರೇನಿನ ಹಾನಿ ದಾಖಲಾತಿ ನೋಂದಣಿಯು ಹೇಗ್ ನಗರದಲ್ಲಿ ಸ್ಥಾಪಿತವಾಯಿತು. 2024ರ ಏಪ್ರಿಲಿನಲ್ಲಿ, ಮನೆ ಕಳೆದುಕೊಂಡವರಿಂದ ಆರಂಭಿಸಿ, ಅರ್ಜಿ ಸ್ವೀಕರಿಸತೊಡಗಿತು. ಅರ್ಜಿದಾರ ತನ್ನ ಮೊಬೈಲಿನಿಂದಲೇ, ದಿಯಾ ಎಂಬ ಸರ್ಕಾರಿ ವ್ಯವಸ್ಥೆಯ ಮೂಲಕ, ಅರ್ಜಿ ಹಾಕುತ್ತಾನೆ; ಮೆಟ್ಟಿಲಲ್ಲಿ ಕಾದು ಯಾವನೋ ಆರ್ಟಿಕಲ್ ಹುಡುಗನಿಂದ ಚೌಕ ತುಂಬಿಸಿಕೊಳ್ಳಬೇಕಾಗಿಲ್ಲ. ನೋಂದಣಿ ಬರೆದುಕೊಳ್ಳುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ. ತೀರ್ಪಿಗಾಗಿ ಪ್ರತ್ಯೇಕ ಕ್ಲೇಮು ಆಯೋಗವೊಂದನ್ನು ರಚಿಸುವ ಒಪ್ಪಂದಕ್ಕೆ 2025ರ ಡಿಸೆಂಬರ್ 16ರಂದು ಹೇಗ್‌ನಲ್ಲಿ ಮೂವತ್ತಕ್ಕೂ ಹೆಚ್ಚು ರಾಷ್ಟ್ರಗಳು ಸಹಿ ಹಾಕಿದವು. ಸಹಿಯ ಬಳಿಕ ಆಯಾ ದೇಶಗಳ ಅನುಮೋದನೆಯ ಹಂತವಿದೆ. ನಿಧಿಯ ಮಾತು ಆ ಬಳಿಕದ್ದು.

ನೋಂದಣಿಯ ವ್ಯಾಪ್ತಿ 2022ರ ಫೆಬ್ರವರಿ 24ರಂದು ಮತ್ತು ಆ ಬಳಿಕ ಉಕ್ರೇನಿನ ನೆಲದಲ್ಲಿ ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಆದ ಹಾನಿಗೆ ಸೀಮಿತ. ಯುದ್ಧಕ್ಕೆ ಮುನ್ನ ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು. ಸರಬರಾಜು ನಿಂತು 2022ರಲ್ಲಿ ದರ ಏರಿದಾಗ ಹಳೆಯ ದರಕ್ಕೆ ಮಾಲು ಕೊಡಲು ಒಪ್ಪಿಕೊಂಡಿದ್ದ ನಮ್ಮ ಎಣ್ಣೆ ವರ್ತಕರಿಗೆ ಆದ ನಷ್ಟ ಇದರೊಳಗೆ ಬರುವುದಿಲ್ಲ. ಆದರೆ ಅಂದು ಯಾರದಾದರೂ ಸರಕು ಅಲ್ಲಿನ ಬಂದರಿನಲ್ಲೋ ಗೋದಾಮಿನಲ್ಲೋ ಇದ್ದು ನಾಶವಾಗಿದ್ದರೆ ವಿಷಯ ಬೇರೆ. ಕಂಪನಿ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು ಇಟ್ಟುಕೊಳ್ಳಬೇಕಾದ ಅವಧಿ ಎಂಟು ವರ್ಷ. 2021-22ನೆಯ ಸಾಲಿನ ಪುಸ್ತಕಗಳಿಗೆ ಅದು 2030ರ ಮಾರ್ಚ್‌ಗೆ ಮುಗಿಯುತ್ತದೆ. ಕುವೈತಿನ ಕೊನೆಯ ಕಂತು ಬಂದದ್ದು ಮೂವತ್ತೊಂದನೆಯ ವರ್ಷದಲ್ಲಿ. ಅಂಥ ಸದಸ್ಯರು ಆ ಬಿಲ್ ಆಫ್ ಲೇಡಿಂಗು, ಇನ್‌ವಾಯ್ಸು, ಗೋದಾಮಿನ ರಸೀದಿಗಳನ್ನು ಹಳೆಯ ಕಾಗದದೊಂದಿಗೆ ತೂಕಕ್ಕೆ ಹಾಕದೆ ಬೇರೆ ಕಡತದಲ್ಲಿ ಕಟ್ಟಿಡತಕ್ಕದ್ದು.